“ಮೈ ಫಾದರ್, ದೇರ್ ಶಾಪ್” ಅಂತ ಬರೆಯುವ ಮಕ್ಕಳಿಗೆ ಹಿಸ್, ಹರ್, ದೇರ್ ಹೇಗೆ ಹೇಳಿಕೊಡೋದು?

ಮುಳಬಾಗಿಲು_ಟೀಚರ್

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ತಗೋತೀನಿ. ಎಂಟನೇ ತರಗತಿ ನೋಟ್‌ಬುಕ್ ತಿದ್ದುವಾಗ ಈ ನಾಲ್ಕು ಥರದ ವಾಕ್ಯ ಮತ್ತೆ ಮತ್ತೆ ಸಿಗುತ್ತವೆ:

“ದಿಸ್ ಪೆನ್ ಈಸ್ ಮೈ.”
“ರವಿ ಹೌಸ್ ಈಸ್ ಬಿಗ್.”
“ಔರ್ ಮದರ್ ಈಸ್ ಕುಕಿಂಗ್.”
“ಮೈ ಫಾದರ್ ಈಸ್ ಎ ಟೈಲರ್. ದೇರ್ ಶಾಪ್ ಈಸ್ ನಿಯರ್ ದ ಬಸ್ ಸ್ಟ್ಯಾಂಡ್.”

ಮೈ–ಮೈನ್, ಯುವರ್–ಯುವರ್ಸ್ ಪಟ್ಟಿ ಮಕ್ಕಳಿಗೆ ಬಾಯಿಗೆ ಬರುತ್ತೆ, ತಡೆಯಿಲ್ಲದೆ ಒಪ್ಪಿಸ್ತಾರೆ. ಸ್ವಂತ ವಾಕ್ಯ ಬರೆಯಿರಿ ಅಂದ ತಕ್ಷಣ ಮತ್ತೆ ಅದೇ ತಪ್ಪು. ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಪಾಠ ಕನ್ನಡದಲ್ಲಿ, ಇಂಗ್ಲಿಷ್ ಕಿವಿಗೆ ಬೀಳೋದು ನನ್ನ ಪೀರಿಯಡ್‌ನಲ್ಲಿ ಮಾತ್ರ. ಈ ತಪ್ಪುಗಳ ಬೇರು ಎಲ್ಲಿದೆ ಅಂತ ತಿಳಿದರೆ ಪಾಠದ ದಾರಿ ಬದಲಾಯಿಸಬಹುದು ಅನ್ನಿಸಿದೆ. ತಿಳಿದವರು ಬರೆಯಿರಿ. ಎಲ್ಲರಿಗೂ ಓದೋಕೆ ಅನುಕೂಲ ಆಗಲಿ ಅಂತ ಇಂಗ್ಲಿಷ್ ಪದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯೋಣ.

ಮಾಲೂರು_ಮೇಷ್ಟ್ರು

ಮೇಡಂ, ನಾಲ್ಕು ವಾಕ್ಯ ಕೊಟ್ಟಿದ್ದೀರಿ, ನಾಲ್ಕರ ಬೇರೂ ಬೇರೆ ಬೇರೆ. ಎಲ್ಲಕ್ಕೂ ಒಂದೇ ಥರ ಕೆಂಪು ಇಂಕಿನಲ್ಲಿ ಸುತ್ತು ಹಾಕಿದರೆ ಯಾವುದು ಯಾಕೆ ತಪ್ಪು ಅಂತ ಮಗುವಿಗೆ ಗೊತ್ತಾಗಲ್ಲ. ನಾನು ನಿವೃತ್ತನಾಗಿ ಮನೆಯಲ್ಲಿದ್ದೀನಿ, ಬಿಡುವಿದೆ, ವಿವರವಾಗಿಯೇ ಬರೀತೀನಿ.

“ದಿಸ್ ಪೆನ್ ಈಸ್ ಮೈ” ಅನ್ನೋದನ್ನ ಒಂದೇ ದಿನದಲ್ಲಿ ಸರಿಮಾಡಬಹುದು. ಈ ವ್ಯತ್ಯಾಸ ಕನ್ನಡದಲ್ಲಿ ಆಗಲೇ ಇದೆ. “ಇದು ನನ್ನ” ಅಂತ ಹೇಳಿ ಯಾವ ಮಗುವೂ ಅಲ್ಲಿಗೇ ನಿಲ್ಲಿಸಲ್ಲ, “ಇದು ನಂದು” ಅನ್ನುತ್ತೆ. ಮುಂದೆ ವಸ್ತುವಿನ ಹೆಸರು ಬಂದರೆ ನನ್ನ, ಬರದಿದ್ದರೆ ನಂದು. ನನ್ನ ಪೆನ್ನು, ಮೈ ಪೆನ್. ಪೆನ್ನು ನಂದು, ದ ಪೆನ್ ಈಸ್ ಮೈನ್. ನಿಂದು ಯುವರ್ಸ್, ಅವಳದು ಹರ್ಸ್, ನಮ್ಮದು ಔರ್ಸ್, ಅವರದು ದೇರ್ಸ್. ಹಿಸ್ ಒಂದು ಮಾತ್ರ ‘ಅವನ’ಕ್ಕೂ ಅದೇ, ‘ಅವನದು’ಗೂ ಅದೇ. ಹಿಂದಿಯಲ್ಲಿ ‘ಮೇರಾ’ ಎರಡೂ ಕಡೆ ಬರುತ್ತೆ, ಅಲ್ಲಿನ ಮಕ್ಕಳು ಇದನ್ನ ಹೊಸದಾಗಿ ಕಲೀಬೇಕು. ನಮ್ಮ ಮಕ್ಕಳಿಗೆ ಗೊತ್ತಿರೋದನ್ನೇ ನಾವು ಪಟ್ಟಿ ಮಾಡಿ ಅಪರಿಚಿತ ಮಾಡ್ತಿದ್ದೀವಿ.

ಇನ್ನೊಂದು ಅನುಕೂಲ. ಹಿಂದಿಯಲ್ಲಿ ‘ಉಸ್ಕಾ, ಉಸ್ಕೀ’ ಅನ್ನೋದು ವಸ್ತುವಿನ ಲಿಂಗ ನೋಡಿ ಬದಲಾಗುತ್ತೆ. ಇಂಗ್ಲಿಷ್‌ನಲ್ಲಿ ಹಿಸ್, ಹರ್ ನಿಲ್ಲೋದು ಒಡೆಯನ ಮೇಲೆ. ಕನ್ನಡದ ಅವನ, ಅವಳ ಕೂಡ ಹಾಗೇ. ಅವನ ತಂಗಿ ಅಂದರೆ ಹಿಸ್ ಸಿಸ್ಟರ್, ಅವಳ ತಮ್ಮ ಅಂದರೆ ಹರ್ ಬ್ರದರ್. ತಂಗಿ ಹೆಣ್ಣು ಅಂತ ‘ಹರ್ ಸಿಸ್ಟರ್’ ಬರೆಯುವ ತಪ್ಪು ನಮ್ಮ ಮಕ್ಕಳಲ್ಲಿ ಕಮ್ಮಿ.

“ರವಿ ಹೌಸ್” ವಿಚಾರ ಬೇರೆ. ಪುಸ್ತಕದಲ್ಲಿ ‘ರವಿಯ ಮನೆ’, ನಮ್ಮ ಬಾಯಲ್ಲಿ ‘ರವಿ ಮನೆ’. ಷಷ್ಠಿಯ ಪ್ರತ್ಯಯ ಮಾತಿನಲ್ಲಿ ಬಿದ್ದುಹೋಗುತ್ತೆ. ಆದರೆ ‘ಅವನು ಮನೆ’ ಅಂತ ಯಾರೂ ಅನ್ನಲ್ಲ. ನೋಟ್‌ಬುಕ್ ತೆಗೆದು ನೋಡಿ ಮೇಡಂ, ‘ಹಿ ಹೌಸ್’ ಬರೆದಿರೋದು ಅಪರೂಪ, ‘ರವಿ ಹೌಸ್’ ಎಲ್ಲ ಪುಟದಲ್ಲೂ ಇರುತ್ತೆ. ಅದಕ್ಕೆ ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿಸಿ: ರವಿಯ, ಅಕ್ಕನ, ಟೀಚರಿನ. ಆ ಯ, ನ, ಇನ ಕೇಳಿಸಿದ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ಅಪಾಸ್ಟ್ರಫಿ, ಅಂದರೆ ಅಕ್ಷರದ ಮೇಲ್ಭಾಗದಲ್ಲಿ ಹಾಕುವ ( ’ ) ಗುರುತು, ಹಾಕಿ ಎಸ್.

ಮಕ್ಕಳು ಗೊಂದಲ ಮಾಡಿಕೊಳ್ಳೋದಕ್ಕೆ ಇನ್ನೊಂದು ಕಾರಣವೂ ಇದೆ. ‘ಶಾಲೆ ಗೇಟು’ ಅಂದರೆ ‘ಸ್ಕೂಲ್ ಗೇಟ್’, ‘ಟೊಮ್ಯಾಟೊ ಬಾಕ್ಸು’ ಅಂದರೆ ‘ಟೊಮ್ಯಾಟೊ ಬಾಕ್ಸ್’. ಅಲ್ಲಿ ಎಸ್ ಬೇಕಿಲ್ಲ, ಹೆಸರಿನ ಪಕ್ಕ ಹೆಸರು ಇಟ್ಟರೆ ಸಾಕು. ಅಲ್ಲಿ ಸರಿಹೋಗಿದ್ದು ರವಿ ವಿಷಯದಲ್ಲಿ ಯಾಕೆ ತಪ್ಪು? ಮನುಷ್ಯರು, ಪ್ರಾಣಿಗಳು ಒಡೆಯರಾದಾಗ ಎಸ್ ಬಿಡೋ ಹಾಗಿಲ್ಲ. ಇಷ್ಟು ಹೇಳಿದರೆ ಎಂಟನೇ ತರಗತಿಗೆ ಸಾಕು.

ಉಳಿದ ಎರಡಕ್ಕೆ ಬೇರೆಯವರೂ ಬರೆಯಲಿ.

ಚಿಂತಾಮಣಿ_ಪಿಯು

ಸಾರ್, “ಔರ್ ಮದರ್” ಬಗ್ಗೆ ನಾನು ಹೇಳ್ತೀನಿ, ನಮ್ಮ ಮನೇಲಿ ತೆಲುಗು. ತೆಲುಗಿನಲ್ಲಿ ‘ಮಾ ಅಮ್ಮ, ಮಾ ನಾಯ್ನ’ ಅಂತೀವಿ. ‘ನಾ ಅಮ್ಮ’ ಅಂದರೆ ಕಿವಿಗೆ ಹಿಡಿಸಲ್ಲ. ಅಮ್ಮ ನನ್ನೊಬ್ಬಳ ಸೊತ್ತು ಅಂದ ಹಾಗೆ ಆಗುತ್ತೆ. ಕನ್ನಡದಲ್ಲೂ ‘ನಮ್ಮಮ್ಮ, ನಮ್ಮಪ್ಪ’ ಅಂತಲೇ ಎಲ್ಲರೂ ಅನ್ನೋದು.

ತೆಲುಗಿನಲ್ಲಿ ‘ನಮ್ಮ’ಕ್ಕೆ ಎರಡು ಪದ. ‘ಮಾ ಊರು’ ಅಂದರೆ ಕೇಳಿಸಿಕೊಳ್ಳೋರನ್ನ ಬಿಟ್ಟು ನಮ್ಮ ಊರು. ‘ಮನ ಊರು’ ಅಂದರೆ ನಿಮ್ಮನ್ನೂ ಸೇರಿಸಿ. ಕನ್ನಡದ ‘ನಮ್ಮ’, ಇಂಗ್ಲಿಷ್‌ನ ‘ಔರ್’ ಎರಡಕ್ಕೂ ಒಂದೇ. ಟೀಚರ್ ಹತ್ರ “ಔರ್ ಮದರ್” ಅಂದರೆ ಟೀಚರ್‌ಗೂ ಅಮ್ಮ ಅಂತ ಅರ್ಥ ಬರಬಹುದು ಅಂತ ನಮ್ಮ ಲೆಕ್ಚರರ್ ಹೇಳಿದ ಮೇಲೆ ನನಗೆ ಪೂರ್ತಿ ಅರ್ಥ ಆಯ್ತು. ಅಕ್ಕ–ತಮ್ಮ ಇಬ್ಬರೂ ಸೇರಿ ಮಾತಾಡುವಾಗ ಔರ್ ಸರಿ, ಒಬ್ಬಳೇ ಹೇಳುವಾಗ ಮೈ.

ಇನ್ನೊಂದು ಮೇಡಂ. ತೆಲುಗಿನಲ್ಲಿ ಸಲಿಗೆಯಿಂದ ತಂಗಿಗೂ ‘ದಾನಿ ಪೇರು’ ಅಂತೀವಿ, ಹಸುವಿಗೂ ‘ದಾನಿ ಪೇರು’. ಕ್ರಿಯಾಪದವೂ ಒಂದೇ, ಇಬ್ಬರಿಗೂ ‘ವಚ್ಚಿಂದಿ’. ನಿಮ್ಮ ತರಗತಿಯ ಮಕ್ಕಳು ತಂಗಿ ಬಗ್ಗೆ “ಇಟ್ಸ್ ನೇಮ್” ಅಂತ ಬರೆದಿದ್ದರೆ ಅದು ಅಲ್ಲಿಂದ ಬಂದಿರೋದು.

ಮುಳಬಾಗಿಲು_ಟೀಚರ್

ಹೌದಮ್ಮ, ಬರೆದಿದ್ದಾರೆ! ಅಜಾಗರೂಕತೆ ಅಂದುಕೊಂಡು ಬೈದು ಬಿಟ್ಟುಬಿಡೋರೇ ಹೆಚ್ಚು. ಅದಕ್ಕೊಂದು ಕಾರಣ ಇದೆ ಅಂತ ಗೊತ್ತಾಗಿದ್ದು ದೊಡ್ಡ ಉಪಕಾರ. ‘ಮೈ’ ಅನ್ನೋದು ಸ್ವಾರ್ಥದ ಮಾತಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡ್ತೀನಿ.

ಬಂಗಾರಪೇಟೆ_ಟ್ರೈನ್

ದಿನಾ ಬೆಂಗಳೂರಿಗೆ ಹೋಗಿ ಬರೋನು, ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಮೇಲ್. ಒಂದು ಭಿನ್ನಾಭಿಪ್ರಾಯ ಇದೆ, ಮೇಷ್ಟ್ರು ತಪ್ಪು ತಿಳೀಬಾರದು.

ಪ್ರತಿಯೊಂದಕ್ಕೂ ಕನ್ನಡ ಪಕ್ಕ ಇಟ್ಟು ಹೇಳಿಕೊಟ್ಟರೆ ಮಗು ಜೀವನ ಪೂರ್ತಿ ತಲೆಯಲ್ಲಿ ಅನುವಾದ ಮಾಡ್ತಾನೇ ಇರುತ್ತೆ. ನನ್ನ ಜೊತೆ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು ಬುದ್ಧಿವಂತರು, ಆದರೆ ಮೀಟಿಂಗ್‌ನಲ್ಲಿ ಬಾಯಿ ಬಿಡೋಕೆ ಮುಂಚೆ ಕನ್ನಡದಲ್ಲಿ ವಾಕ್ಯ ಕಟ್ಟಿ ತಿರುಗಿಸ್ತಾ ಕೂರ್ತಾರೆ. ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತೆ. ಚಿಕ್ಕ ಕಥೆಗಳನ್ನ ಓದಿಸಿ, ಕೇಳಿಸಿ. ಹಿಸ್ ಶಾಪ್, ಹಿಸ್ ಶಾಪ್ ಅಂತ ನೂರು ಸಲ ಕಿವಿಗೆ ಬಿದ್ದರೆ ತಾನೇ ಬರುತ್ತೆ.

‘ದೇರ್’ ವಿಚಾರದಲ್ಲೂ ಒಂದು ಪ್ರಶ್ನೆ. “ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ” ಅಂತ ಒಬ್ಬರ ಬಗ್ಗೆಯೇ ಬರೀತಾರಲ್ಲ? ಹಾಗಿದ್ದರೆ “ಮೈ ಫಾದರ್, ದೇರ್ ಶಾಪ್” ಮಾತ್ರ ಯಾಕೆ ತಪ್ಪು?

ಮಾಲೂರು_ಮೇಷ್ಟ್ರು

ತಪ್ಪು ತಿಳಿಯೋದೇನಿಲ್ಲಪ್ಪ, ನಿಮ್ಮ ಕಾಳಜಿ ನನಗೂ ಇದೆ. ಮೊದಲು ‘ದೇರ್’.

“ಸಮ್‌ಒನ್… ದೇರ್ ಅಂಬ್ರೆಲಾ” ಖಂಡಿತ ಸರಿ, ಇಂಗ್ಲಿಷ್‌ನಲ್ಲಿ ಶತಮಾನಗಳಿಂದ ಇರುವ ಬಳಕೆ. ಅಲ್ಲಿ ಆ ಮನುಷ್ಯ ಗಂಡೋ ಹೆಣ್ಣೋ ಗೊತ್ತಿಲ್ಲ. ಇತ್ತೀಚೆಗೆ ಹಿ, ಶಿ ಎರಡೂ ಬೇಡ ಅನ್ನುವವರಿಗೂ ದೇ, ದೇರ್ ಬಳಸ್ತಾರೆ. ಆದರೆ ಅಪ್ಪ ಯಾರು ಅಂತ ಮಗುವಿಗೆ ಗೊತ್ತು. ಮಗು ‘ದೇರ್’ ಬರೆದಿರೋದು ಮರ್ಯಾದೆಗೋಸ್ಕರ. ಅಪ್ಪನನ್ನ ‘ಅವನ ಅಂಗಡಿ’ ಅನ್ನೋದು ಹೇಗೆ? ‘ಅವರ ಅಂಗಡಿ’ ಅಂತಲೇ ಮನಸ್ಸಿಗೆ ಬರೋದು. ಇಂಗ್ಲಿಷ್ ಹಿಸ್, ಹರ್‌ನಲ್ಲಿ ಮರ್ಯಾದೆಯೂ ಇಲ್ಲ, ಅಗೌರವವೂ ಇಲ್ಲ. ರಾಷ್ಟ್ರಪತಿಗೂ ಹಿಸ್ ಅಥವಾ ಹರ್, ಒಂದನೇ ಕ್ಲಾಸಿನ ಮಗುವಿಗೂ ಹಿಸ್ ಅಥವಾ ಹರ್. ಗೌರವ ತೋರಿಸೋಕೆ ಅಲ್ಲಿ ಮಿಸ್ಟರ್, ಡಾಕ್ಟರ್, ಸರ್ ಇವೆ.

ಹೆಡ್‌ಮಾಸ್ಟರ್ ಬಗ್ಗೆ ‘ಹಿಸ್ ಟೇಬಲ್’ ಬರೆಯೋಕೆ ಹೆದರುವ ಮಗುವಿಗೆ ಇದನ್ನ ಬಾಯಿಬಿಟ್ಟು ಹೇಳಲೇಬೇಕು. ಈಗ ನಿಮ್ಮ ಮೊದಲ ಮಾತಿಗೆ ಬರ್ತೀನಿ. ನೂರು ಸಲ ಕೇಳಿಸಿದರೆ ಬರುತ್ತೆ ಅಂದ್ರಿ. ಕೇಳಿಸಬೇಕು, ಓದಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮಗುವಿಗೆ ‘ಹಿಸ್’ ಗೊತ್ತಿದೆ, ರವಿಗೆ ಸರಿಯಾಗಿಯೇ ಬಳಸುತ್ತೆ. ಅಪ್ಪನಿಗೆ ಬಳಸೋಕೆ ಮನಸ್ಸು ಬರ್ತಿಲ್ಲ. ಅದು ಕಿವಿಯ ಸಮಸ್ಯೆ ಅಲ್ಲ. ಅಲ್ಲಿ ಕನ್ನಡದಲ್ಲಿ ಕೂರಿಸಿಕೊಂಡು ಮಾತಾಡದೆ ಬೇರೆ ದಾರಿ ನನಗೆ ಕಾಣಲ್ಲ.

ಶಿಡ್ಲಘಟ್ಟ_ರೇಷ್ಮೆ

ನಾನು ಮೇಷ್ಟ್ರೂ ಅಲ್ಲ, ಟೀಚರೂ ಅಲ್ಲ. ಗೂಡು ತಂದು ರೀಲಿಂಗ್ ಮಾಡಿಸ್ತೀನಿ. ಮಗಳು ಒಂಬತ್ತನೇ ಕ್ಲಾಸು. ಅವಳ ರಜಾ ಚೀಟಿಯಲ್ಲಿ “ಮೈ ಸಿಸ್ಟರ್ ಮ್ಯಾರೇಜ್, ಟು ಡೇಸ್ ಲೀವ್” ಅಂತಿತ್ತು. ಇದರಲ್ಲಿ ಎಲ್ಲಿ ಏನು ಬರಬೇಕು ಅಂತ ಯಾರಾದರೂ ಹೇಳ್ತೀರಾ? ಅರ್ಜಿ ಫಾರಂಗಳಲ್ಲಿ ‘ಫಾದರ್ಸ್ ನೇಮ್’ ಅಂತ ಇರುತ್ತಲ್ಲ, ಅದೇ ಲೆಕ್ಕಾನಾ?

ಮಾಲೂರು_ಮೇಷ್ಟ್ರು

ಅದೇ ಲೆಕ್ಕ ಸ್ವಾಮಿ. ಫಾದರ್’ಸ್ ನೇಮ್, ತಂದೆಯ ಹೆಸರು. ಹಾಗೇ ಮೈ ಸಿಸ್ಟರ್’ಸ್ ಮ್ಯಾರೇಜ್, ಅಕ್ಕನ ಮದುವೆ. ರಜೆಗೂ ಇದೇ ಗುರುತು ಬರುತ್ತೆ, ಕಾಲದ ಅಳತೆಗೆ ಇಂಗ್ಲಿಷ್ ಅದನ್ನ ಬಳಸುತ್ತೆ. ಒಂದು ದಿನದ ರಜೆ, ಒನ್ ಡೇ’ಸ್ ಲೀವ್. ಎರಡು ದಿನದ್ದಾದರೆ ಟು ಡೇಸ್’ ಲೀವ್, ಬಹುವಚನದ ಎಸ್ ಆದಮೇಲೆ ಗುರುತು. ನಿಮ್ಮ ಮಗಳ ಚೀಟಿಗೆ ಬೇಕಾಗಿರೋದು ಆ ಎರಡು ಗುರುತು, ಒಂದು ಎಸ್, ಅಷ್ಟೇ.

ತಿಪಟೂರು_ಫ್ಲೆಕ್ಸ್

ತುಮಕೂರು ಜಿಲ್ಲೆಯಿಂದ ನಾನೂ ಸೇರಿಕೊಳ್ತೀನಿ. ಫ್ಲೆಕ್ಸ್, ಆಮಂತ್ರಣ ಪತ್ರಿಕೆ ಡಿಸೈನ್ ಮಾಡ್ತೀನಿ. ಈ ಎಸ್ ಹಿಂದೆ ಗುರುತೋ ಮುಂದೆ ಗುರುತೋ ಅನ್ನೋದು ನನಗೆ ದಿನನಿತ್ಯದ ತಲೆನೋವು. ಸೆಪ್ಟೆಂಬರ್ ಬಂತು ಅಂದರೆ ಒಬ್ಬರು ‘ಟೀಚರ್’ಸ್ ಡೇ’ ಅಂತ ಬರೆದುಕೊಡ್ತಾರೆ, ಇನ್ನೊಬ್ಬರು ‘ಟೀಚರ್ಸ್’ ಡೇ’, ಮತ್ತೊಬ್ಬರು ಗುರುತೇ ಇಲ್ಲದೆ. ಗ್ರಾಹಕರು ಕೊಟ್ಟಿದ್ದನ್ನ ಹಾಗೇ ಹಾಕಿಬಿಡಬಹುದು. ಆದರೆ ಊರಿನ ಸರ್ಕಲ್‌ನಲ್ಲಿ ನಿಲ್ಲುವ ಬೋರ್ಡು, ಶಾಲೆ ಮಕ್ಕಳು ಅದನ್ನ ನೋಡಿಯೇ ಕಲೀತಾರೆ. ತಪ್ಪು ಹೋಗಬಾರದು ಅನ್ನೋದು ನನ್ನ ಆಸೆ.

ಮುಳಬಾಗಿಲು_ಟೀಚರ್

ಅಣ್ಣ, ಇದನ್ನ ನಾನು ಹೇಳ್ತೀನಿ. ಒಡೆಯ ಯಾರು ಅಂತ ಮೊದಲು ಪೂರ್ತಿ ಬರೆದುಬಿಡಿ, ಆಮೇಲೆ ಗುರುತು ಹಾಕಿ. ಸೆಪ್ಟೆಂಬರ್ 5 ಒಬ್ಬ ಶಿಕ್ಷಕರ ದಿನ ಅಲ್ಲ, ಎಲ್ಲ ಶಿಕ್ಷಕರದು. ‘ಟೀಚರ್ಸ್’ ಅಂತ ಬರೆದಾಯ್ತು, ಕೊನೆಯಲ್ಲಿ ಎಸ್ ಬಂದಿದೆ, ಇನ್ನೊಂದು ಎಸ್ ಬೇಡ, ಗುರುತು ಮಾತ್ರ: ಟೀಚರ್ಸ್’ ಡೇ. ಸೆಪ್ಟೆಂಬರ್ 15, ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. ಅದು ಎಲ್ಲ ಎಂಜಿನಿಯರುಗಳ ದಿನ ಆದ್ದರಿಂದ ಎಂಜಿನಿಯರ್ಸ್’ ಡೇ. ನವೆಂಬರ್ 14ಕ್ಕೆ ಒಡೆಯರು ‘ಚಿಲ್ಡ್ರನ್’. ಬಹುವಚನವೇ, ಆದರೆ ಕೊನೆಯಲ್ಲಿ ಎಸ್ ಇಲ್ಲ, ಅದಕ್ಕೆ ಗುರುತು ಹಾಕಿ ಎಸ್ ಸೇರಿಸಬೇಕು: ಚಿಲ್ಡ್ರನ್’ಸ್ ಡೇ. ವಿಮೆನ್’ಸ್ ಡೇ ಕೂಡ ಹಾಗೇ. ‘ಚಿಲ್ಡ್ರನ್ಸ್’’ ಅಂತ ಎಸ್ ಆದಮೇಲೆ ಹಾಕಿದರೆ ತಪ್ಪು.

ಕನ್ನಡದ ಕ್ರಮವೂ ಇದೇ. ಹುಡುಗ, ಹುಡುಗರು, ಹುಡುಗರ. ಮೊದಲು ಬಹುವಚನ, ಆಮೇಲೆ ಷಷ್ಠಿ. ಮೇಷ್ಟ್ರ ದಾರಿ ಇಲ್ಲೂ ಕೆಲಸಕ್ಕೆ ಬಂತು.

ಒಂದು ಕಡೆ ಮಾತ್ರ ಎಚ್ಚರ. ಕನ್ನಡದಲ್ಲಿ ‘ಅಮ್ಮಂದಿರ ದಿನ’ ಅಂತೀವಿ, ಇಂಗ್ಲಿಷ್‌ನಲ್ಲಿ ಅದು ಮದರ್’ಸ್ ಡೇ, ಏಕವಚನ. ಅಮೆರಿಕದಲ್ಲಿ ಆ ದಿನವನ್ನು ಶುರುಮಾಡಿಸಿದ ಆನಾ ಜಾರ್ವಿಸ್, ಪ್ರತಿ ಮನೆಯವರೂ ತಮ್ಮ ತಮ್ಮ ತಾಯಿಯನ್ನ ನೆನೆಯುವ ದಿನ ಅಂತ ಏಕವಚನವನ್ನೇ ಪಟ್ಟುಹಿಡಿದು ಉಳಿಸಿಕೊಂಡರು.

ಬಂಗಾರಪೇಟೆ_ಟ್ರೈನ್

ಫ್ಲೆಕ್ಸ್ ಅಣ್ಣನಿಗೆ ಒಂದು ಸೇರಿಸ್ತೀನಿ. ಬರೀ ಬಹುವಚನಕ್ಕೆ ಗುರುತು ಹಾಕಲೇಬಾರದು. ಬೇಕರಿ ಬೋರ್ಡುಗಳಲ್ಲಿ ‘ಐಟಂ’ಸ್’, ‘ಕೇಕ್’ಸ್’ ಅಂತಿರುತ್ತೆ. ಅಂಗಡಿ ಹೆಸರಿನ ಕೊನೆಯ ‘ಅಂಡ್ ಸನ್ಸ್’ನಲ್ಲೂ ಗುರುತು ಬೇಡ, ಅದು ಮಕ್ಕಳು ಅಂತ ಬಹುವಚನ ಅಷ್ಟೇ. 1880ರಲ್ಲಿ ನಮ್ಮ ಕೆಜಿಎಫ್‌ಗೆ ಬಂದ ಗಣಿ ಕಂಪನಿ ಹೆಸರು ‘ಜಾನ್ ಟೇಲರ್ ಅಂಡ್ ಸನ್ಸ್’, ಗುರುತಿಲ್ಲ. ‘ಕೋಲಾರ್ ಗೋಲ್ಡ್ ಫೀಲ್ಡ್ಸ್’ನ ಎಸ್ ಕೂಡ ಹಾಗೇ. ಇದು ನಮ್ಮಲ್ಲಿ ಮಾತ್ರ ಇರುವ ತಪ್ಪಲ್ಲ. ಬ್ರಿಟನ್ನಿನ ತರಕಾರಿ ಅಂಗಡಿ ಬೋರ್ಡುಗಳಲ್ಲಿ ಇದು ಎಷ್ಟು ಕಾಣಿಸ್ತಿತ್ತು ಅಂದರೆ ಅಲ್ಲಿ ಇದಕ್ಕೆ ‘ಗ್ರೀನ್‌ಗ್ರೋಸರ್’ಸ್ ಅಪಾಸ್ಟ್ರಫಿ’ ಅಂತ ಹೆಸರೇ ಬಿದ್ದಿದೆ.

ಚಿಂತಾಮಣಿ_ಪಿಯು

ಹಾಗಾದರೆ ‘ಇಟ್ಸ್’ ಯಾಕೆ ಉಲ್ಟಾ? ರವಿಗೆ ಗುರುತು ಬೇಕು, ಅಕ್ಕನಿಗೆ ಬೇಕು, ‘ಅದರ’ ಅನ್ನೋದಕ್ಕೆ ಮಾತ್ರ ಬೇಡ. ಇದನ್ನ ನೆನಪಿಟ್ಟುಕೊಳ್ಳೋದೇ ಕಷ್ಟ.

ಮಾಲೂರು_ಮೇಷ್ಟ್ರು

ಒಳ್ಳೆ ಪ್ರಶ್ನೆ ಮಗಳೇ. ‘ಹಿಸ್’ನಲ್ಲಿ ಗುರುತಿದೆಯಾ? ಇಲ್ಲ. ಹರ್ಸ್, ಯುವರ್ಸ್, ಔರ್ಸ್, ದೇರ್ಸ್, ಇವುಗಳಲ್ಲೂ ಇಲ್ಲ. ‘ಅದರ’ ಅನ್ನುವ ‘ಇಟ್ಸ್’ ಈ ಮನೆಯ ಕೂಸು, ಅದಕ್ಕೂ ಇಲ್ಲ. ಗುರುತು ಹಾಕಿದ ‘ಇಟ್’ಸ್’ ಅಂದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’, ನುಂಗಿದ ಅಕ್ಷರದ ಜಾಗ ತೋರಿಸೋದು. ಅನುಮಾನ ಬಂದಾಗ ‘ಇಟ್ ಈಸ್’ ಅಂತ ಬಿಡಿಸಿ ಓದು. “ದ ಕೌ ಲಾಸ್ಟ್ ಇಟ್ ಈಸ್ ಕಾಫ್”, ಅರ್ಥ ಕೆಡ್ತು, ಅಂದರೆ ಗುರುತು ಬೇಡ. ‘ಹೂಝ್’ ಕೂಡ ಇದೇ ಲೆಕ್ಕ. ‘ಯಾರ’, ‘ಯಾರದು’ ಅಂದರೆ ಗುರುತಿಲ್ಲದ, ಕೊನೆಗೆ ಇ ಬರುವ ಹೂಝ್. ಗುರುತು ಇದ್ದರೆ ‘ಹೂ ಈಸ್’, ಯಾರು.

ಈ ಗುರುತಿನ ಹಿನ್ನೆಲೆಯೂ ಸ್ವಾರಸ್ಯ. ಹಳೆಯ ಇಂಗ್ಲಿಷ್‌ನಲ್ಲಿ ಎಷ್ಟೋ ಪದಗಳ ಷಷ್ಠಿಗೆ ‘ಎಸ್’ಗಿಂತ ಮೊದಲು ಒಂದು ‘ಇ’ ಇತ್ತು. ಕ್ರಮೇಣ ಆ ಇ ಬಿದ್ದುಹೋಯ್ತು. ಬಿದ್ದ ಅಕ್ಷರಕ್ಕೆ ಗುರುತು ಹಾಕುವ ಪದ್ಧತಿ 16ನೇ ಶತಮಾನದಲ್ಲಿ ಫ್ರೆಂಚ್‌ನಿಂದ ಬಂತು. ಬಹುವಚನದ ಎಸ್ ಆದಮೇಲೆ ಹಾಕೋದು ನೆಲೆಯೂರಿದ್ದು ಇನ್ನೂ ತಡವಾಗಿ, 18ನೇ ಶತಮಾನದಲ್ಲಿ. ‘ಇಟ್ಸ್’ ಅನ್ನೋ ಪದವೇ ಹೊಸದು, 1600ರ ಆಸುಪಾಸಿನದು. ಅದಕ್ಕೆ ಮುಂಚೆ ವಸ್ತುಗಳಿಗೂ ‘ಹಿಸ್’ ಅಂತಿದ್ದರು, 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಈಗಲೂ ಅದನ್ನ ನೋಡಬಹುದು. ಹುಟ್ಟಿದ ಮೇಲೂ ಬಹಳ ಕಾಲ ‘ಇಟ್ಸ್’ಗೆ ಗುರುತು ಹಾಕಿಯೇ ಬರೀತಿದ್ದರು. ಈಗಿನ ನಿಯಮ ಆಮೇಲೆ ಗಟ್ಟಿಯಾಗಿದ್ದು. ಮಾತಿನಲ್ಲಂತೂ ಬಾಯ್’ಸ್, ಬಾಯ್ಸ್’, ಬಾಯ್ಸ್ ಮೂರೂ ಒಂದೇ ಸದ್ದು. ಕಿವಿ ಇಲ್ಲಿ ಸಹಾಯ ಮಾಡಲ್ಲ, ಬರೆದೇ ಕಲೀಬೇಕು.

ಬಂಗಾರಪೇಟೆ_ಟ್ರೈನ್

ಇದನ್ನ ಒಪ್ಪಿದೆ ಸಾರ್. ಬರವಣಿಗೆ ವಿಷಯದಲ್ಲಿ ಕೇಳಿಸಿ ಪ್ರಯೋಜನ ಇಲ್ಲ. ಮಾತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ.

ಈಗ ನೀವು ಹೇಳಿ. “ರವಿ ಗೇವ್ ಕುಮಾರ್ ಹಿಸ್ ಬುಕ್”, ಇದರಲ್ಲಿ ಪುಸ್ತಕ ಯಾರದು? ಆಫೀಸ್ ಮೇಲ್‌ಗಳಲ್ಲಿ ಇದರಿಂದ ನಿಜವಾಗಿ ಗೊಂದಲ ಆಗುತ್ತೆ.

ಮಾಲೂರು_ಮೇಷ್ಟ್ರು

ಕನ್ನಡ ಇಲ್ಲಿ ಇಂಗ್ಲಿಷ್‌ಗಿಂತ ಸ್ಪಷ್ಟ, ನನಗೆ ಬಹಳ ಇಷ್ಟವಾದ ಜಾಗ ಇದು. ‘ರವಿ ಕುಮಾರನಿಗೆ ತನ್ನ ಪುಸ್ತಕ ಕೊಟ್ಟ’ ಅಂದರೆ ರವಿಯದು. ‘ಅವನ ಪುಸ್ತಕ ಕೊಟ್ಟ’ ಅಂದರೆ ಕುಮಾರನದೋ ಮೂರನೆಯವನದೋ. ‘ತನ್ನ’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಒಂಟಿ ಪದ ಇಲ್ಲ, ‘ಹಿಸ್’ ಎರಡನ್ನೂ ಹೊರುತ್ತೆ. ಬಿಡಿಸಿ ಹೇಳಬೇಕಾದರೆ ‘ಹಿಸ್ ಓನ್ ಬುಕ್’ ಅನ್ನಬೇಕು, ಇಲ್ಲವೇ ‘ಕುಮಾರ್’ಸ್ ಬುಕ್’ ಅಂತ ಹೆಸರು ಹಾಕಬೇಕು. ನಿಮ್ಮ ಮೇಲ್‌ಗಳಲ್ಲಿ ಇಬ್ಬರು ಗಂಡಸರ ಹೆಸರು ಒಂದೇ ವಾಕ್ಯದಲ್ಲಿ ಬಂದಾಗ ಹಿಸ್ ಬಿಟ್ಟು ಹೆಸರನ್ನೇ ಬರೆಯಿರಿ.

ಇದಕ್ಕೆ ಎದುರಾದ ತಪ್ಪೂ ಇದೆ. ‘ಕೈ ತೊಳ್ಕೊಂಡೆ’, ‘ಶೂ ಹಾಕ್ಕೊಂಡ’, ‘ಕಾಲು ಮುರ್ಕೊಂಡಳು’. ಯಾರ ಕೈ, ಯಾರ ಕಾಲು ಅಂತ ನಾವು ಹೇಳೋದೇ ಇಲ್ಲ, ಕ್ರಿಯಾಪದಕ್ಕೆ ಅಂಟಿದ ‘ಕೊಂಡ’ವೇ ಅದನ್ನ ಹೇಳಿಬಿಡುತ್ತೆ. ಅದಕ್ಕೆ ನಮ್ಮ ಮಕ್ಕಳು “ಐ ವಾಶ್ಡ್ ಹ್ಯಾಂಡ್ಸ್”, “ಶಿ ಬ್ರೋಕ್ ಲೆಗ್” ಅಂತ ಬರೀತಾರೆ. ಇಂಗ್ಲಿಷ್‌ಗೆ ಆ ‘ಕೊಳ್ಳು’ ಇಲ್ಲ, ಆ ಕೆಲಸವನ್ನ ಮೈ, ಹರ್ ಮಾಡಬೇಕು: ಐ ವಾಶ್ಡ್ ಮೈ ಹ್ಯಾಂಡ್ಸ್, ಶಿ ಬ್ರೋಕ್ ಹರ್ ಲೆಗ್. ಮೈಮೇಲಿನ ಅಂಗ, ತೊಟ್ಟ ಬಟ್ಟೆ ಬಂದಾಗಲೆಲ್ಲ ಇದನ್ನ ನೆನಪಿಸಿ ಮೇಡಂ.

ಮುಳಬಾಗಿಲು_ಟೀಚರ್

‘ಕೊಂಡ’ದ ವಿಷಯ ನಾನು ಎಲ್ಲೂ ಓದಿರಲಿಲ್ಲ ಸಾರ್. ಸೋಮವಾರದ ಪಾಠ ಅದರಿಂದಲೇ ಶುರು. ಮಕ್ಕಳು ಬೆಳಗ್ಗೆ ಎದ್ದು ಶಾಲೆಗೆ ಬರೋವರೆಗೆ ಮಾಡಿಕೊಂಡಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿಸ್ತೀನಿ, ‘ಕೊಂಡೆ’ ಬಂದ ಕಡೆ ಕೈ ಎತ್ತಿಸ್ತೀನಿ, ಆಮೇಲೆ ಇಂಗ್ಲಿಷ್ ಬರೆಸ್ತೀನಿ. ಬಂಗಾರಪೇಟೆಯವರ ಮಾತಿನಂತೆ ಕಥೆ ಓದಿಸೋದನ್ನೂ ಬಿಡಲ್ಲ.

ತಿಪಟೂರು_ಫ್ಲೆಕ್ಸ್

ನನ್ನ ಟೀಚರ್ಸ್’ ಡೇ, ಎಂಜಿನಿಯರ್ಸ್’ ಡೇ ಎರಡೂ ಫೈಲ್ ತಿದ್ದಿ ಸೇವ್ ಮಾಡಿದೆ. ಇನ್ನೊಂದು ಕೆಲಸ ಕೈಯಲ್ಲಿದೆ. ನಂದಿ ಬೆಟ್ಟಕ್ಕೆ ಕಾಲೇಜು ಪ್ರವಾಸದ ಬ್ಯಾನರು. ‘ಟಿಪ್ಪು ಡ್ರಾಪ್’ ಅಂತ ಬರೆದುಕೊಟ್ಟಿದ್ದಾರೆ. ಎಸ್ ಬೇಕಾ?

ಚಿಂತಾಮಣಿ_ಪಿಯು

ಬೇಕು ಅಣ್ಣ. ಟಿಪ್ಪು’ಸ್ ಡ್ರಾಪ್. ‘ರವಿ ಮನೆ’ ಥರ ಬಾಯಲ್ಲಿ ಬಿದ್ದುಹೋಗಿದೆ.

ಕೊನೆಗೆ ನನ್ನದೂ ಒಂದು ಅನುಮಾನ, ಮೇಷ್ಟ್ರೇ. ‘ಹೂಝ್’ ಮನುಷ್ಯರಿಗೆ ಮಾತ್ರ ಅಂತ ಗೈಡ್‌ನಲ್ಲಿ ಓದಿದೆ. “ಎ ಹೌಸ್ ಹೂಝ್ ರೂಫ್ ಈಸ್ ಬ್ರೋಕನ್” ಅಂತ ಬರೆದರೆ ಮಾರ್ಕ್ಸ್ ಕಟ್ ಆಗುತ್ತಾ?

ಮಾಲೂರು_ಮೇಷ್ಟ್ರು

ಕಟ್ ಮಾಡಬಾರದು. ವಸ್ತುಗಳಿಗೆ ‘ಹೂಝ್’ ಬಳಸೋದು ಸರಿಯಾದ ಇಂಗ್ಲಿಷ್, ಒಳ್ಳೆ ಲೇಖಕರು ಶತಮಾನಗಳಿಂದ ಬಳಸಿದ್ದಾರೆ. “ದ ರೂಫ್ ಆಫ್ ವಿಚ್” ಅಂತ ಎಳೆದು ಬರೆಯೋದೂ ತಪ್ಪಲ್ಲ, ಆದರೆ ಭಾರ. ಒಂದು ಮಾತ್ರ ನೆನಪಿಟ್ಟುಕೋ: ಪ್ರಶ್ನೆ ಕೇಳುವಾಗ ಮುರಿದುಹೋದ ಸೂರಿಗೆ “ಹೂಝ್ ರೂಫ್?” ಅಂದರೆ ಉತ್ತರ ಮನುಷ್ಯರ ಹೆಸರೇ ಆಗಬೇಕು. ವಾಕ್ಯದ ನಡುವೆ ಜೋಡಿಸೋಕೆ ಬಂದಾಗ ಮನೆಗೂ ಹೂಝ್, ಮರಕ್ಕೂ ಹೂಝ್, ಧೈರ್ಯವಾಗಿ ಬರಿ.